ಆರು ವರ್ಷದ ಜವಾಬ್ದಾರಿ

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ನಾನು ಹೋಗುತ್ತಿದ್ದ ಚರ್ಚಿನಲ್ಲಿ ಹಿರಿಯರ ಮಂಡಳಿಗೆ ಚುನಾವಣೆ ಬಂತು. ನಮ್ಮ ಮಂಗಳೂರಿನ ಸಭೆಯಲ್ಲಾದರೆ ಒಂದು ಸ್ಥಾನಕ್ಕೆ ನಾಲ್ಕು ಜನ ನಿಂತು, ಆಮೇಲೆ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಇಲ್ಲಿ ನಿಲ್ಲುವವರೇ ಇರಲಿಲ್ಲ. ಆರಾಧನೆ ಮುಗಿದ ಮೇಲೆ ಪಾಸ್ಟರ್ ಕಾಫಿ ಕಪ್ ಹಿಡಿದು ಒಬ್ಬೊಬ್ಬರ ಹಿಂದೆ ಬಿದ್ದಿದ್ದರು. ಕೊನೆಗೆ ನನ್ನ ಬಳಿಗೂ ಬಂದರು.

"ಅವಧಿ ಆರು ವರ್ಷ," ಎಂದರು.

ನನಗೆ ಆಸೆಯೇನೋ ಇತ್ತು. ಊರಿನಲ್ಲಿ ಅಪ್ಪ ಎರಡು ಸಲ ನಿಂತು ಸೋತ ಸ್ಥಾನ ಅದು. ಆದರೆ ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಎಂಬ ಪರ್ಮಿಟ್ ಮೇಲೆ ನಾನು ಬಂದಿದ್ದೆ, ಅದು ಇದ್ದದ್ದೇ ಐದು ವರ್ಷಕ್ಕೆ.

"ಅವಧಿ ಮುಗಿಯುವಾಗ ನಾನು ಈ ದೇಶದಲ್ಲೇ ಇರುವ ಹಾಗಿಲ್ಲ," ಎಂದೆ.

ಪಾಸ್ಟರ್ ಮುಖ ಬಾಡಿತು. ನಿಯಮ ಅಂದರೆ ನಿಯಮ. ಆಗ ಪಕ್ಕದಲ್ಲಿ ಕೇಕ್ ತಿನ್ನುತ್ತಿದ್ದ ಫ್ರೌ ಕೆಲ್ಲರ್ ಫೋರ್ಕ್ ಕೆಳಗಿಟ್ಟರು. ಎಂಬತ್ತು ದಾಟಿದ ಅಜ್ಜಿ. ಆಗಲೇ ಹೆಸರು ಕೊಟ್ಟಿದ್ದರು.

"ನನ್ನ ಪರ್ಮಿಟ್ ಎಷ್ಟು ವರ್ಷಕ್ಕಿದೆ ಅಂತ ನೀವು ಕೇಳಲೇ ಇಲ್ಲವಲ್ಲ?"

ಪಾಸ್ಟರ್ ಪೆನ್ನು ತೆಗೆದು ನನ್ನ ಹೆಸರು ಬರೆದುಕೊಂಡರು. ಇಬ್ಬರೂ ಆಯ್ಕೆಯಾದೆವು, ಸೋಲುವುದಕ್ಕೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮರುವರ್ಷವೇ ನನ್ನ ಕಂಪನಿ ಮುಚ್ಚಿತು, ನಾನು ಊರಿಗೆ ಬಂದೆ. ಫ್ರೌ ಕೆಲ್ಲರ್ ಆರೂ ವರ್ಷ ಮುಗಿಸಿ, ಮುಂದಿನ ಅವಧಿಗೂ ಹೆಸರು ಕೊಟ್ಟರಂತೆ.