ತಮ್ಮನ ಗುಳಿಗೆ ತಿಂದದ್ದು

ನಾನು ಚಿಕ್ಕವಳಿದ್ದಾಗ, ಎಂಟು ವರ್ಷವಿರಬಹುದು, ಗೌಡಗೆರೆಯ ನಮ್ಮ ಮನೆಯಲ್ಲಿ ತಮ್ಮ ಹುಟ್ಟಿದ. ಹೊಕ್ಕುಳಬಳ್ಳಿ ಉದುರಿದ ಮೇಲೆ ಅವನು ಅತ್ತಾಗಲೆಲ್ಲ ಹೊಕ್ಕುಳು ನೆಲ್ಲಿಕಾಯಿಯಷ್ಟು ಉಬ್ಬಿ ಹೊರಗೆ ಬರುತ್ತಿತ್ತು. ಅಳು ನಿಂತರೆ ತಾನೇ ಒಳಗೆ ಹೋಗುತ್ತಿತ್ತು. ಅದರ ಮೇಲೆ ತಾಮ್ರದ ಬಿಲ್ಲೆ ಇಟ್ಟು ಬಟ್ಟೆ ಕಟ್ಟಿದರೆ ಸರಿಹೋಗುತ್ತದೆ ಎಂದಳು ಅಜ್ಜಿ. ಅಪ್ಪ ಒಪ್ಪಲಿಲ್ಲ. ಕಡಲೆಕಾಯಿ ಕೀಳುವ ಕೆಲಸ ಬಿಟ್ಟು, ಅವ್ವನನ್ನೂ ಮಗುವನ್ನೂ ಬಸ್ಸಿನಲ್ಲಿ ಶಿರಾಕ್ಕೆ ಕರೆದುಕೊಂಡು ಹೋದರು.

ಅಲ್ಲಿನ ಹೋಮಿಯೋಪತಿ ಡಾಕ್ಟರು ಸಣ್ಣ ಗಾಜಿನ ಸೀಸೆಯಲ್ಲಿ ಬಿಳಿ ಗುಳಿಗೆ ಕೊಟ್ಟರು. ದಿನಕ್ಕೆರಡು ಸಲ ಎದೆಹಾಲಿನಲ್ಲಿ ಕರಗಿಸಿ ಮಗುವಿಗೆ ಹಾಲು ಹಾಕುವ ಒಳಲೆಯಲ್ಲಿ ಕುಡಿಸಬೇಕು, ಒಂದು ತಿಂಗಳಿಗೆ ಸಾಕು ಎಂದಿದ್ದರಂತೆ. ಆ ಕೆಲಸ ಹನ್ನೆರಡು ವರ್ಷದ ಅಕ್ಕನದಾಯಿತು. ಅವಳು ಕೈ ತೊಳೆದುಕೊಂಡು, ದೇವರ ಪ್ರಸಾದ ಮುಟ್ಟುವ ಹಾಗೆ ಆ ಗುಳಿಗೆಗಳನ್ನು ಎಣಿಸುತ್ತಿದ್ದಳು.

ಒಂದು ದಿನ ನೆಲಕ್ಕೆ ಬಿದ್ದ ಗುಳಿಗೆಯೊಂದನ್ನು ನಾನು ಬಾಯಿಗೆ ಹಾಕಿಕೊಂಡೆ. ನಾಲಿಗೆಯ ಮೇಲೆ ತಣ್ಣಗೆ ಕರಗಿತು. ಸಕ್ಕರೆಗಿಂತ ಸಿಹಿ. ಹಬ್ಬಕ್ಕಲ್ಲದೆ ಸಿಹಿ ಕಾಣದ ಮನೆ ನಮ್ಮದು. ಮಾರನೆಯ ದಿನ ಸೀಸೆ ಇಟ್ಟಿದ್ದ ಗೋಡೆಯ ಗೂಡಿಗೆ ಕೈಹಾಕಿ ನಾಲ್ಕು ತಿಂದೆ, ಆಮೇಲೆ ಹತ್ತು. ಎರಡು ವಾರ ತುಂಬುವುದರೊಳಗೆ ಸೀಸೆ ಖಾಲಿ.

ಅಪ್ಪ ಅಕ್ಕನನ್ನು ಕರೆದು ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ನಾ ತಿಂದಿಲ್ಲ ಕಣಪ್ಪ,” ಎಂದಳು ಅಕ್ಕ.

ಅಪ್ಪ ಹೊಡೆಯಲಿಲ್ಲ. “ನಿನ್ನ ನಂಬಿ ಕೊಟ್ಟೆ, ಇಂಗ್ ಮಾಡ್ಬುಟ್ಟೆ. ಇನ್ಮೇಲೆ ಮಗೀನ ಎತ್ಕೋಬ್ಯಾಡ,” ಎಂದಷ್ಟೇ ಹೇಳಿ ಹೊಲಕ್ಕೆ ಹೋದರು. ತಮ್ಮನನ್ನು ಮಡಿಲಿನಿಂದ ಇಳಿಸದ ಅಕ್ಕ ಅಂದಿನಿಂದ ದೂರ ಕೂತು ಅವನನ್ನು ನೋಡುತ್ತಿದ್ದಳು. ನನ್ನ ಬಾಯಿ ತೆರೆಯಲಿಲ್ಲ.

ಕಡಲೆಕಾಯಿ ಸುಗ್ಗಿಯಲ್ಲಿ ಮತ್ತೆ ಶಿರಾಕ್ಕೆ ಹೋಗಲು ಅಪ್ಪನಿಗೆ ಪುರುಸೊತ್ತಾಗಲಿಲ್ಲ. ಗುಳಿಗೆ ಇಲ್ಲವಲ್ಲ ಎಂದು ಅಜ್ಜಿ ಬಿಲ್ಲೆ ಕಟ್ಟಿಯೇಬಿಟ್ಟಳು. ನಾಲ್ಕೈದು ದಿನಕ್ಕೆ ಬಟ್ಟೆಯಡಿ ಬೆವರಿ ಚರ್ಮ ಸುಲಿದು ಕೀವಾಯಿತು. ತಮ್ಮನ ಮೈ ಕೆಂಡದಂತೆ ಸುಡತೊಡಗಿತು. ಅತ್ತೂ ಅತ್ತೂ ಅವನ ದನಿಯೇ ಉಡುಗಿಹೋಯಿತು. ಅಪ್ಪ ಅವನನ್ನು ಎದೆಗವಚಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಅಲ್ಲಿ ಗಾಯ ತೊಳೆದು ಸೂಜಿ ಹಾಕಿದರು. ಇಂಥ ಉಬ್ಬು ಹೆಚ್ಚಿನ ಮಕ್ಕಳಲ್ಲಿ ವರ್ಷ ಎರಡು ವರ್ಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ, ಏನನ್ನೂ ಕಟ್ಟಬೇಡಿ ಎಂದರು. ಒಂದು ವಾರದ ಮೇಲೆ ತಮ್ಮ ನಗುತ್ತಾ ಮನೆಗೆ ಬಂದ.

ಆ ಸಂಜೆ ಹಿತ್ತಲಿನಲ್ಲಿ ನಾನು ಅಕ್ಕನ ಮುಂದೆ ಅಳುತ್ತಾ ಬಾಯಿ ತೆರೆದೆ. ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ.

“ನಂಗೊತ್ತಿತ್ತು ಕಣೇ. ನೀನು ಗೂಡಿಗೆ ಕೈ ಹಾಕಿದ್ದನ್ನ ನೋಡಿದ್ದೆ. ನಿಂಗೆ ಏಟು ಬೀಳ್ತದೆ ಅಂತ ಸುಮ್ಕಾದೆ.”

ಅವಳು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಈಗ, ಮೊಮ್ಮಕ್ಕಳೇ, ನಿಮ್ಮ ಮನೆಗಳಲ್ಲಿ ಮಗುವಿನ ಹೊಕ್ಕುಳು ಉಬ್ಬಿದರೆ ನಿಮ್ಮ ಅಮ್ಮಂದಿರು ಮಕ್ಕಳ ಡಾಕ್ಟರಿಗೆ ತೋರಿಸುತ್ತಾರೆ. ಸಿಹಿಗೆ ನೀವು ಹಬ್ಬ ಕಾಯುವುದಿಲ್ಲ. ಮೊನ್ನೆ ನಿಮ್ಮಲ್ಲೊಬ್ಬ ಮೊಬೈಲಿನ ಗಾಜು ಒಡೆದು, ನೇರವಾಗಿ ತನ್ನಪ್ಪನ ಹತ್ತಿರ ಹೋಗಿ “ನಾನೇ ಬೀಳಿಸಿದೆ” ಎಂದ. ನಾನು ಮೂಲೆಯಲ್ಲಿ ಕೂತು ಕೇಳಿಸಿಕೊಂಡೆ. ತಮ್ಮ ಗುಣವಾದ ಮೇಲೆ ನನ್ನಪ್ಪ ಇನ್ನೂ ಮೂವತ್ತು ವರ್ಷ ನಮ್ಮ ಜೊತೆಗಿದ್ದರು. ಆ ಗುಳಿಗೆ ತಿಂದದ್ದು ಅಕ್ಕ ಅಲ್ಲ ಎಂದು ಅವರಿಗೆ ನಾನು ಹೇಳಲೇ ಇಲ್ಲ.