ಉಡಿಯಲ್ಲಿ ನಿಲ್ಲದ ಅಳ್ಳು

ಟಿವಿ ಇದ್ದ ಮನೆಗೆ ಊರಲ್ಲೇ ಒಂದು ಗತ್ತು ಇದ್ದ ಕಾಲ ಅದು. ರಾಮದುರ್ಗದಿಂದ ಸುರೇಬಾನದ ಕಡೆಗೆ ಹೋಗುವ ಬಸ್ಸು ನಮ್ಮೂರಲ್ಲಿ ನಿಂತು ಹೋಗುತ್ತಿತ್ತು. ರವಿವಾರ ಸಂಜೆ ಸಿನಿಮಾ ಹೊತ್ತಿಗೆ ಮಾತ್ರ ಆ ಬಸ್ಸು ಬಂದರೂ ನೋಡುವ ಹುಡುಗರು ಬೀದಿಯಲ್ಲಿ ಇರುತ್ತಿರಲಿಲ್ಲ. ಎಲ್ಲರೂ ನಮ್ಮ ಪಡಸಾಲೆಯಲ್ಲಿ. ನಾನಾಗ ನಾಲ್ಕನೇ ಇಯತ್ತೆ. ಟಿವಿ ನಮ್ಮದೆಂಬ ಸೊಕ್ಕಿಗೆ ಎಲ್ಲರಿಗಿಂತ ಮುಂದೆ ಕಾಲು ಚಾಚಿ ಕೂಡುತ್ತಿದ್ದೆ.

ಆ ವರ್ಷ ನನ್ನ ತಮ್ಮನಿಗೆ ಬೇಸಿಗೆಯಲ್ಲೂ ಕೆಮ್ಮು. ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಹಳದಿ ಕೊಳವೆ, ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಎಲ್ಲ ಬಂದ್ ಮಾಡಿಸಿರೆಂದು ರಾಮದುರ್ಗದ ಡಾಕ್ಟರು ಅವ್ವನಿಗೆ ಗದರಿ ಕಳಿಸಿದ್ದರು. ಆದರೆ ಪಡಸಾಲೆ ತುಂಬ ಕೂತ ಮಕ್ಕಳ ಕೈಗೆ ಏನಾದರೂ ಕೊಡಲೇಬೇಕಲ್ಲ. ರಾಮದುರ್ಗದ ಟಾಕೀಜಿನಲ್ಲಿ ನಾವು ಕಂಡ ಪಾಪ್‌ಕಾರ್ನ್ ಮನೆಯಲ್ಲೇ ಮಾಡಿದರೆ ಎಣ್ಣೆಯೂ ಕಡಿಮೆ, ಖರ್ಚೂ ಕಡಿಮೆ ಎಂದು ಅವ್ವ ಲೆಕ್ಕ ಹಾಕಿದಳು. ನಮ್ಮ ಹೊಲದ್ದೇ ಗೋವಿನಜೋಳ ತಂದು ಬೋಗುಣಿಗೆ ಹಾಕಿ ಮುಚ್ಚಿದಳು. ಅದು ಅರಳಲಿಲ್ಲ, ಕರ್ರಗಾಯಿತು, ಮನೆ ತುಂಬ ಹೊಗೆ.

ಆಯಿ, ಅಂದರೆ ನಮ್ಮಪ್ಪನ ಅವ್ವ, ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ದನಕ್ಕ ಹಾಕೂ ಗೊಂಜಾಳ ಅಳ್ಳ ಆಗ್ತಾವೇನ ಹುಚ್ಚಿ? ಪಂಚಮಿಗೆ ಹುರಿಧಂಗ ಜ್ವಾಳ ಹುರಿ."

ನಮಗೆ ಜೋಳ ಅರಳಿಸಿದ ಅಳ್ಳು ಬೇಡ, ಟಾಕೀಜಿನದೇ ಬೇಕು. ಆಗ ದಾರಿ ತೋರಿಸಿದವಳು ಸುಜಾತಾ.

ಸುಜಾತಾ ನನ್ನ ಬೆಂಚಿನವಳು. ಪಾಟಿ, ಪೆನ್ಸಿಲ್ಲು, ಜಡೆಯ ರಿಬ್ಬನ್ನು ಕೂಡ ನಾವಿಬ್ಬರು ಅದಲುಬದಲು ಮಾಡುತ್ತಿದ್ದೆವು. ನಮ್ಮದು ಹಣೆಗೆ ಈಬತ್ತಿ ಹಚ್ಚಿಕೊಂಡೇ ಊಟಕ್ಕೆ ಕೂಡುವ ಒಕ್ಕಲುತನದ ಮನೆ. ಅವಳದು ಊರ ಅಂಚಿನ ಓಣಿಯಲ್ಲಿ, ಗೋಡೆಗೆ ಬುದ್ಧನ ಫೋಟೋ ತೂಗುಹಾಕಿದ ಮನೆ. ಅವಳಪ್ಪ ಲಾರಿ ಡ್ರೈವರು. "ಅದಕ್ಕ ಸಣ್ಣ ಕಾಳು ಬ್ಯಾರೇನ ಬರ್ತಾವ, ಅಪ್ಪ ಬೆಳಗಾವಿಂದ ತರ್ತಾನ," ಎಂದಳು. ತಂದೂಬಿಟ್ಟ. ಕಾಗದದ ಪೊಟ್ಟಣ ಹಿಡಿದು ಅವಳೇ ಬಂದಳು. ಆಯಿ ಪೊಟ್ಟಣವನ್ನು ಕೈಯೊಡ್ಡಿ ಇಸಿದುಕೊಂಡು, ಕಾಳನ್ನು ಬೆರಳ ಸಂದಿಯಲ್ಲಿ ಆಡಿಸಿ, "ಏನ ಚಂದ ಅದಾವವ್ವಾ, ಮುತ್ತ ಇದ್ಧಂಗ!" ಎಂದಳು.

ಆ ರವಿವಾರ ಒಂದು ಚಮಚ ಶೇಂಗಾ ಎಣ್ಣೆ, ಚಿಟಿಕೆ ಅರಿಶಿಣ, ಉಪ್ಪು, ಎರಡು ಹಿಡಿ ಕಾಳು. ಮೊದಲು ಒಂದೇ ಒಂದು ಟಪ್ಪೆಂದಿತು. ಆಮೇಲೆ ಮುಚ್ಚಳವೇ ಕುಣಿಯತೊಡಗಿತು. ತಮ್ಮ ಚಪ್ಪಾಳೆ ತಟ್ಟಿದ. ಎರಡು ಹಿಡಿ ಹೋಗಿ ಬುಟ್ಟಿ ತುಂಬಿತೆಂದು ಅವ್ವನಿಗೆ ನಾಡಹಬ್ಬದ ಖುಷಿ. ಬಿಸಿ ಅರಿಶಿಣದ ಆ ವಾಸನೆ ಇವತ್ತಿಗೂ ಮೂಗಿಗೆ ಬಡಿದರೆ ನನಗೆ ಮೊದಲು ಹಸಿವಾಗುತ್ತದೆ, ಮರುಗಳಿಗೆಗೆ ತಾಟು ದೂರ ಸರಿಸುತ್ತೇನೆ.

ಒಳಗೆ ಕೂತವರಿಗೆಲ್ಲ ತಾಟಿನಲ್ಲಿ ಕೊಟ್ಟಾಯಿತು. ಸುಜಾತಾ ಕೂಡುತ್ತಿದ್ದದ್ದು ಹೊರಗೆ, ಕಟ್ಟೆಯ ಮೇಲೆ, ಕಿಟಕಿಗೆ ಮುಖ ಹಚ್ಚಿ. ಒಳಗೆ ಬಾ ಎಂದರೆ "ಇಲ್ಲಿ ಗಾಳಿ ಚಲೋ ಬರ್ತೈತಿ" ಎನ್ನುತ್ತಿದ್ದಳು. ನಾನೂ ನಂಬಿದ್ದೆ. ನಂಬುವುದು ಸುಖವಾಗಿತ್ತು.

ಆಯಿ ಬುಟ್ಟಿ ಹಿಡಿದು ಹೊರಗೆ ಹೋಗಿ, "ಉಡಿ ಒಡ್ಡ," ಎಂದಳು. ಸುಜಾತಾ ಲಂಗ ಹರವಿದಳು. ಅವಳಿಗೆ ಏನು ಕೊಡುವುದಿದ್ದರೂ ಆಯಿ ನಿಂತಲ್ಲಿಂದಲೇ, ಮುಟ್ಟದ ಹಾಗೆ, ಮೇಲಿನಿಂದ ಹಾಕುತ್ತಿದ್ದಳು. ಶೇಂಗಾ ಆಗಲಿ, ಬೆಲ್ಲದ ಹೆಂಟೆಯಾಗಲಿ, ನೆಟ್ಟಗೆ ಉಡಿಗೆ ಬೀಳುತ್ತಿದ್ದವು. ಹಾಗಾಗಿ ಅದರಲ್ಲೇನೋ ಇದೆಯೆಂದು ನನಗೆ ಕಂಡೇ ಇರಲಿಲ್ಲ. ಪಾಪ್‌ಕಾರ್ನಿಗೆ ಭಾರವೆಲ್ಲಿಂದ ಬರಬೇಕು? ಗಾಳಿಗೆ ಹಾರಿ ಕಟ್ಟೆ ದಾಟಿ ಅಂಗಳಕ್ಕೆ ಬಿತ್ತು. ಕೋಳಿಗಳು ಓಡಿ ಬಂದವು. ಒಳಗಿನ ಹುಡುಗರು ಕಿಟಕಿಗೆ ಬಂದು ನಕ್ಕರು. ನಾನೂ ನಕ್ಕೆ. ಆಯಿ ಇನ್ನೊಂದು ಬೊಗಸೆ ಹಾಕಿದಳು. ಅದೂ ಹಾರಿತು.

ಸುಜಾತಾ ತಲೆ ಎತ್ತಿದಳು. "ಆಯಿ, ಇದು ಹಗೂರ ಐತ್ರಿ. ಕೈ ಒಂಚೂರು ಕೆಳಗ ತರ್ರಿ."

ಬೇಡುವ ದನಿಯಲ್ಲ, ಸಿಟ್ಟಿನದೂ ಅಲ್ಲ. ಲೆಕ್ಕ ತಪ್ಪಿದಾಗ ನನಗೆ ಹೇಳುತ್ತಿದ್ದಳಲ್ಲ, ಹಾಗೆ. ಟಿವಿಯೊಳಗೆ ಯಾರೋ ಹಾಡುತ್ತಿದ್ದರು. ಆಯಿಯ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ಗೇಣು ಬಗ್ಗಿದ್ದರೆ ಮುಗಿಯುತ್ತಿತ್ತು.

"ಬಿದ್ದದ್ದು ಆರಿಸ್ಕೊಂಡ ತಿನ್ನ. ನಮ್ಮ ಅಂಗಳ ಏನ ಹೊಲಸಿಲ್ಲ," ಎಂದು ಆಯಿ ಒಳಗೆ ಬಂದುಬಿಟ್ಟಳು.

ಸುಜಾತಾ ಎದ್ದು ಲಂಗ ಕೊಡವಿದಳು. "ಅವ್ವ ಕರದಾಳ," ಎಂದು ನನ್ನ ಕಡೆ ನೋಡದೆ ಹೊರಟಳು. ಯಾರೂ ಕರೆದಿರಲಿಲ್ಲ. ನಾನು ಎದ್ದು ಹಿಂದೆ ಓಡಬೇಕಿತ್ತು. ಸಿನಿಮಾ ಇನ್ನೂ ಅರ್ಧ ಇತ್ತು.

ಮುಂದಿನ ರವಿವಾರ ಕಟ್ಟೆ ಖಾಲಿ. ಸಾಲೆಯಲ್ಲಿ ಅದೇ ಬೆಂಚು, ಆದರೆ ನಡುವೆ ಅವಳ ಪಾಟಿಚೀಲ. ರಿಬ್ಬನ್ನಿನ ಅದಲುಬದಲು ನಿಂತಿತು. ನಾನು ಮನೆಯಲ್ಲಿ ಊಟ ಬಿಟ್ಟು ಅತ್ತೆ. ಅವ್ವ ಆಯಿಗೆ ಎದುರಾಡುವವಳಲ್ಲ. ಆಯಿ ಗುಡಿಗೆ ಹೋದ ಹೊತ್ತು ನೋಡಿ ಪಾಪ್‌ಕಾರ್ನ್ ಹುರಿದು, ಸ್ಟೀಲ್ ಡಬ್ಬಿ ತುಂಬಿ, "ಅವರ ಮನಿಗಿ ಕೊಟ್ಟ ಬಾ. ಅವ್ವ ಕಳಿಸ್ಯಾಳ ಅನ್ನು," ಎಂದಳು.

ಸುಜಾತಾಳ ಅವ್ವ ಡಬ್ಬಿ ಇಸಿದುಕೊಂಡು ತಾಟಿಗೆ ಸುರಿದಳು. "ಚಲೋ ಅರಳ್ಯಾವ ನೋಡ," ಎಂದು ಒಂದು ಬಾಯಿಗೆ ಹಾಕಿಕೊಂಡಳು. ಸುಜಾತಾ ಮೂಲೆಯಲ್ಲಿ ಬರೆಯುತ್ತ ಕೂತಿದ್ದಳು, ಮುಟ್ಟಲಿಲ್ಲ. ಖಾಲಿ ಡಬ್ಬಿ ವಾಪಸು ಕೊಡುವ ರೂಢಿ ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ. ಆಕೆ ಒಲೆಯ ಪಕ್ಕದ ಬುಟ್ಟಿಗೆ ಕೈ ಹಾಕಿದಳು. ಅದರಲ್ಲಿ ಆಗಷ್ಟೇ ಹುರಿದ, ಮೇಲೆ ಖಾರಪುಡಿ ಉದುರಿಸಿದ ಅಳ್ಳು ಘಮಘಮಿಸುತ್ತಿತ್ತು. ಹಿಡಿ ತುಂಬಿಕೊಂಡವಳು ನನ್ನ ಮುಖ ನೋಡಿ ನಿಂತಳು. ಮತ್ತೆ ಅದನ್ನು ಬುಟ್ಟಿಗೇ ಬಿಟ್ಟಳು.

"ಹುರದದ್ದ ಹಾಕಿದ್ರ ನಿಮ್ಮ ಆಯಿ ಒಲ್ಲೆ ಅಂದಾರು. ಹಸೀ ಕಾಳ ಹಾಕೇನಿ, ಒಯ್ಯವ್ವಾ."

ಡಬ್ಬಿ ತುಂಬ ಹಸಿ ಕಾಳು. ಏನೂ ವಿಶೇಷವಿಲ್ಲವೆಂಬಂತೆ ನಕ್ಕೇ ಕೊಟ್ಟಳು. ಇಲ್ಲ, ನನಗೆ ಹುರಿದದ್ದೇ ಬೇಕು ಎಂದು ನಾನು ಹೇಳಲಿಲ್ಲ. ಬಾಯಲ್ಲಿ ನೀರೂರುತ್ತಿತ್ತು, ಆದರೂ ಹೇಳಲಿಲ್ಲ. ಮನೆಗೆ ಬಂದರೆ ಆಯಿ ಡಬ್ಬಿ ತೆರೆದು, "ಕಾಳಿಗೇನೈತಿ, ಬರ್ಲಿ," ಎಂದು ಖುಷಿಯಿಂದ ಗಡಿಗೆಗೆ ತುಂಬಿಸಿದಳು. ಆ ರವಿವಾರ ಅದನ್ನೇ ಹುರಿದು ಎಲ್ಲರೂ ತಿಂದರು. ನಾನು ತಾಟು ಮುಟ್ಟಲಿಲ್ಲ. ಎದ್ದು ಹೋಗಿ ಅವ್ವನ ಪಕ್ಕ ಕೂತೆ. ಅವಳ ತಾಟೂ ಹಾಗೇ ಇತ್ತು.

ಬೇಸಿಗೆ ಸೂಟಿ ಮುಗಿಯುವುದರೊಳಗೆ ಸುಜಾತಾಳ ಮನೆಯವರು ಊರು ಬಿಟ್ಟು ರಾಮದುರ್ಗಕ್ಕೆ ಹೋದರು. ಹೋಗುತ್ತೇನೆಂದು ಅವಳು ನನಗೆ ಹೇಳಲಿಲ್ಲ.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಜ್ವರ ಬಂದರೆ ರಾತ್ರಿಯೆಲ್ಲ ನನ್ನ ಅಂಗಾಲು ತಿಕ್ಕಿದ ಆಯಿ ಅವಳು. ಅವಳ ಮೇಲಿನ ಪ್ರೀತಿಯನ್ನೂ ಆ ಸಂಜೆಯ ನಾಚಿಕೆಯನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಬದುಕುವುದು ಇನ್ನೂ ನನಗೆ ಬಂದಿಲ್ಲ. ಮನೆಮನೆಗೆ ಟಿವಿ ಬಂದು ಪಡಸಾಲೆಗಳು ಬರಿದಾದವು. ಓಣಿಯ ಮಕ್ಕಳೆಲ್ಲ ಒಂದು ಬುಟ್ಟಿಯ ಸುತ್ತ ಕೂತದ್ದು ಹೋಯಿತೆಂದು ನನ್ನ ಓರಗೆಯವರು ಮರುಗುತ್ತಾರೆ. ಎಲ್ಲರೂ ಕೂತಿರಲಿಲ್ಲ. ನಾನು ಕಳೆದುಕೊಂಡದ್ದು ಒಬ್ಬ ಗೆಳತಿಯನ್ನು, ಹಳೆಯ ಕಾಲವನ್ನಲ್ಲ.

ಈಗ ಸವದತ್ತಿಯಲ್ಲಿದ್ದೇನೆ. ಹೋದ ತಿಂಗಳು ಮಗಳು ತನ್ನ ಹೊಸ ಗೆಳತಿಯನ್ನು ಮನೆಗೆ ಕರೆತಂದಳು. ಇಬ್ಬರಿಗೂ ಪಾಪ್‌ಕಾರ್ನ್ ಹುರಿಯೋಣವೆಂದು ಖುಷಿಯಿಂದಲೇ ಎದ್ದೆ. ಏಳುತ್ತ ಏಳುತ್ತ, ಆ ಹುಡುಗಿಯ ಹೆಸರು ಕೇಳುವುದಕ್ಕೂ ಮೊದಲು, ನನ್ನ ಬಾಯಿಂದಲೇ ಬಂತು:

"ಯಾರ ಪೈಕಿ ಅವರು?"

"ಹಂಗಂದ್ರ ಏನವ್ವ?" ಎಂದಳು ನನ್ನ ಮಗಳು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಆ ಹುಡುಗಿ, ಬಿಟ್ಟ ಒಂದು ಚಪ್ಪಲಿಯನ್ನು ಮತ್ತೆ ಕಾಲಿಗೆ ಸಿಕ್ಕಿಸಿಕೊಂಡಳು.