ಅತ್ತೆ ಎಸೆದ ಪ್ಲಾಸ್ಟಿಕ್ ಬಳೆ

ನಮ್ಮ ಮನೆಯವರ ಕೋಪಕ್ಕೆ ಸದ್ದಿಲ್ಲ. ಬಾಗಿಲು ದಢಾರಂತ ಹಾಕೋದಿಲ್ಲ, ತಟ್ಟೆ ಎಸೆಯೋದಿಲ್ಲ, ಒಂದು ಕೆಟ್ಟ ಮಾತು ಬಾಯಲ್ಲಿ ಬರೋದಿಲ್ಲ. ಸುಮ್ಮನಾಗಿಬಿಡುತ್ತಾರೆ, ಅಷ್ಟೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವರು ಇಂಥ ಗಂಡನ ಜೊತೆ ಒಂದು ವಾರ ಸಂಸಾರ ಮಾಡಿದ್ದರೆ ಗಾದೇನ ವಾಪಸ್ ತಗೊಂಡಿರೋರು. ಮದುವೆಯಾದ ಹೊಸದರಲ್ಲಿ ನಾನು ಅದನ್ನ ಒಳ್ಳೇತನ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು. ಆ ವರ್ಷ ಅತ್ತೆ ಮೈಸೂರಿನಿಂದ ಇಲ್ಲಿಗೆ, ಅಮೆರಿಕದ ಫ್ರೀಮಾಂಟಿಗೆ ಬಂದು ಆರು ತಿಂಗಳಿಗೆ ಅಂತ ನಮ್ಮ ಜೊತೆ ಇದ್ದಾಗ ಆ ಮೌನ ಏನು ಅಂತ ಪೂರ್ತಿ ಗೊತ್ತಾಯಿತು.

ನಮ್ಮ ಗ್ಯಾರೇಜಿನಲ್ಲಿ ಒಂದು ಹಳೇ ಪ್ರೆಸ್ಸಿತ್ತು. ಬಟ್ಟೆ ಇಸ್ತ್ರಿ ಮಾಡೋದಲ್ಲ, ಪುಸ್ತಕ ಅಚ್ಚು ಹಾಕೋದೂ ಅಲ್ಲ. ಬಂದೂಕಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ಹಾಕಿ, ಸಾಸಿವೆಯಂಥ ಸೀಸದ ಗುಂಡು ತುಂಬಿ, ಬಾಯಿ ಮಡಚೋ ಕೈಯಂತ್ರ. ಇವರು ಭಾನುವಾರ ಭಾನುವಾರ ಬೆಟ್ಟದಾಚೆಯ ಕ್ಲಬ್ಬಿಗೆ ಹೋಗಿ, ಗಾಳಿಯಲ್ಲಿ ಹಾರಿಬಿಡೋ ಮಣ್ಣಿನ ತಟ್ಟೆಗಳಿಗೆ ಗುಂಡು ಹೊಡೆಯುತ್ತಾರೆ. ಆಫೀಸಿನಲ್ಲಿ ರಿಟೈರಾದ ಒಬ್ಬ ಅಮೆರಿಕನ್ ಹತ್ತಿರ ಕಲಿತದ್ದು, ಆ ಪ್ರೆಸ್ಸೂ ಅವನು ಕೊಟ್ಟಿದ್ದೇ. ಅತ್ತೆ ಮೊದಲು ಗಾಬರಿಯಾಗಿದ್ದರು. ಜೀವ ಇರೋದನ್ನ ಹೊಡೆಯೋದಿಲ್ಲ, ಬರೀ ತಟ್ಟೆ ಅಂತ ಗೊತ್ತಾದ ಮೇಲೆ ನಕ್ಕುಬಿಟ್ಟರು. ತಟ್ಟೆ ಒಡೆಯೋಕೆ ಅಷ್ಟು ದೂರ ಯಾಕೆ ಹೋಗಬೇಕು, ಚಿಕ್ಕವನಿದ್ದಾಗ ಮನೆಯಲ್ಲೇ ಒಡೀತಿದ್ದನಲ್ಲ ಅಂದರು.

ಆಯುಧಪೂಜೆಯ ಹಿಂದಿನ ಸಾಯಂಕಾಲ, ಏನೇನಕ್ಕೆಲ್ಲ ಪೂಜೆ ಮಾಡಲಿ ಅಂತ ಅತ್ತೆ ಮಗನನ್ನು ಕೇಳಿದರು. ಇವರು ಫೋನಿನಿಂದ ತಲೆ ಎತ್ತದೆ, ಗ್ಯಾರೇಜಲ್ಲಿರೋದೆಲ್ಲ ಆಯುಧಾನೇ ಅಮ್ಮ, ಎಲ್ಲದಕ್ಕೂ ಮಾಡು ಅಂದರು. ನಾನು ಪಕ್ಕದಲ್ಲೇ ನಿಂತು ಪಾತ್ರೆ ಒರೆಸುತ್ತಿದ್ದೆ. ನನ್ನ ಕಿವಿಯಾರೆ ಕೇಳಿದ್ದೇನೆ.

ಮಾರನೇ ದಿನ ಇವರು ಆಫೀಸಿಗೆ ಹೋದರು, ನಾನು ಮೇಲೆ ಮೀಟಿಂಗಿನಲ್ಲಿದ್ದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗ್ಯಾರೇಜಿಗೆ ಇಳಿದರು. ಹುಣಸೇಹಣ್ಣು, ಉಪ್ಪು, ಹಳೇ ಟೂತ್‌ಬ್ರಷ್ಷು. ಹುಲ್ಲು ಕತ್ತರಿಸೋ ಯಂತ್ರವನ್ನೂ ಬಿಡಲಿಲ್ಲ. ಪ್ರೆಸ್ಸಿನಲ್ಲಿ ಎಷ್ಟು ವರ್ಷದ ಕೊಳೆ ಇತ್ತೋ, ತಿಕ್ಕಿ ತಿಕ್ಕಿ ಒರೆಸಿ ಇಟ್ಟಾಗ ಮದುವೆಮನೆ ಹಂಡೆ ಥರ ಹೊಳೀತಿತ್ತು. ತಿಕ್ಕುವಾಗ ಒಂದು ಸಣ್ಣ ಪ್ಲಾಸ್ಟಿಕ್ ಬಳೆ ಕಳಚಿ ಅವರ ಕೈಗೆ ಬಂತು. ಹೆಬ್ಬೆರಳು ತೂರೋಷ್ಟು ಅಗಲ, ಅಂಚೆಲ್ಲ ಬೆರಳು ಬೆರಳಾಗಿ ಸೀಳಿತ್ತು. ಅದು ಇರೋದೇ ಹಾಗಂತೆ. ಮದ್ದಿನ ಮೇಲೆ ಒಂದು ಪ್ಲಾಸ್ಟಿಕ್ ಬಟ್ಟಲು ಕೂರಿಸುತ್ತಾರೆ, ಅದು ತೋಟಾದ ಬಾಯೊಳಗೆ ನೆಟ್ಟಗೆ ಇಳಿಯೋಕೆ ಆ ಬೆರಳುಗಳೇ ದಾರಿ. ಬಳೆ ಇಲ್ಲದಿದ್ದರೆ ಬಟ್ಟಲು ಸೊಟ್ಟಗೆ ಸಿಕ್ಕಿಕೊಂಡು ತೋಟಾನೇ ನಜ್ಜುಗುಜ್ಜು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಅತ್ತೆಗೆ ಕಂಡದ್ದು ಒಡೆದ ಮುಚ್ಚಳ. ಭಿನ್ನವಾದದ್ದನ್ನ ಪೂಜೆಗೆ ಇಡಬಾರದು ಅಂತ ಅದನ್ನು ಕಸದ ಬುಟ್ಟಿಗೆ ಹಾಕಿದರು. ವಿಜಯದಶಮಿ ಬೆಳಿಗ್ಗೆ ಕಸದ ಲಾರಿ ಬಂದು ತಗೊಂಡು ಹೋಯಿತು.

ಶನಿವಾರ ಇವರು ಗ್ಯಾರೇಜಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ಬಂದು, ಪ್ರೆಸ್ಸಲ್ಲಿದ್ದ ಬಳೆ ಎಲ್ಲಿ ಅಂತ ಕೇಳಿದರು. ಅತ್ತೆ ಪಾಪ, ಹೊಗಳುತ್ತಾನೆ ಅಂದುಕೊಂಡು ಎಲ್ಲವನ್ನೂ ವಿವರವಾಗಿ ಹೇಳಿದರು, ಹುಣಸೇಹಣ್ಣಿನಿಂದ ಹಿಡಿದು. ಇವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಗೊತ್ತಿಲ್ಲದ್ದನ್ನ ಮುಟ್ಟಬೇಡ ಅಂತ ನನಗೆ ಹೇಳಿಕೊಟ್ಟವಳು ನೀನೇ ಅಲ್ವಾ ಅಮ್ಮ" ಅಂದು ಮೇಲೆ ಹೋದರು. ಅಲ್ಲಿಗೆ ಮಾತು ನಿಂತಿತು.

ನಿಂತಿತು ಅಂದರೆ ನಿಂತೇ ಹೋಯಿತು. ಅಮ್ಮನಿಗೆ ಮಾತ್ರೆ ತಗೊಳೋಕೆ ಹೇಳು ಅಂತ ಅಮ್ಮನ ಎದುರಿಗೇ ನನಗೆ ಹೇಳೋರು. ತಟ್ಟೆ ಎತ್ತಿಕೊಂಡು ಮೇಲಿನ ರೂಮಿಗೆ ಹೋಗಿ ಊಟ ಮಾಡೋರು. ಸಾಯಂಕಾಲ ಇವರ ಕಾರಿನ ಸದ್ದಾದರೆ ಅತ್ತೆ ಎದ್ದು ಚಪಾತಿ ಬಿಸಿಮಾಡೋರು, ಇವರು ಆಫೀಸಲ್ಲೇ ತಿಂದೆ ಅಂತ ನನಗೆ ಹೇಳಿ ಮೆಟ್ಟಿಲು ಹತ್ತೋರು. ಬಿಸಿಮಾಡಿದ ಚಪಾತಿ ಅತ್ತೇನೇ ತಿನ್ನೋರು. ನೋಡಿ ನೋಡಿ ನನ್ನ ಮೈ ಉರಿದುಹೋಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ, ಹೆತ್ತ ತಾಯಿ ಮೇಲೆ ಇದೆಂಥ ಹಠ ಅಂತ. ನಾನೇನಂದೆ ಅವಳಿಗೆ, ಒಂದು ಮಾತೂ ಅನ್ನಲಿಲ್ಲವಲ್ಲ ಅಂದರು. ನಿಜವೇ. ಅನ್ನದೇ ಇರೋದರಲ್ಲೇ ಅಲ್ವಾ ಇವರ ಚಾಕು ಇರೋದು.

ಅತ್ತೆ ಹೊರಡೋದಕ್ಕೆ ಇನ್ನೂ ಎರಡು ತಿಂಗಳ ಮೇಲಿತ್ತು. ಒಂದು ಮಧ್ಯಾಹ್ನ ಹುರುಳೀಕಾಯಿ ಹೆಚ್ಚುತ್ತಾ ಕೂತಿದ್ದವರು ಚಾಕು ಕೆಳಗಿಟ್ಟು ಹೇಳಿದರು: "ಊರಿಗೆ ಹೋಗೋದ್ರೊಳಗೆ ಒಂದೇ ಒಂದು ಸಲ ಅವನು ನನ್ನೆದುರಿಗೆ ಕೂತು, ಅಮ್ಮಾ ಅಂತ ಕರೆದು ಊಟ ಮಾಡಿದ್ರೆ ಸಾಕು ಕಣೇ. ಆ ಬಳೆ ಒಂದನ್ನ ಹುಡುಕಿಕೊಡು."

ಹುಡುಕಿದೆವು. ಆ ಪ್ರೆಸ್ಸು ಮಾಡುತ್ತಿದ್ದ ಕಂಪನಿ ಯಾವ ಕಾಲದಲ್ಲೋ ಬಾಗಿಲು ಹಾಕಿತ್ತು. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನ ತರಿಸಿದೆ, ಅದು ದೊಡ್ಡ ತೋಟಾದ ಬಳೆ, ನಮ್ಮದು ಸಣ್ಣದು. ಅತ್ತೆ ಅದನ್ನ ಪ್ರೆಸ್ಸಿನ ಪಕ್ಕದಲ್ಲಿ ಹಿಡಿದು ನೋಡಿ, ಕೈಬೆರಳಿಗೆ ಕಾಲುಂಗುರ ತಂದಂಗಾಯ್ತು ಅಂದರು. ಇನ್ನೊಂದು ತರಿಸಿದರೆ ಅದರ ಬೆರಳುಗಳು ಮುಟ್ಟಿದರೆ ಮುರಿಯುತ್ತಿದ್ದವು. ಪಕ್ಕದೂರು ನೆವಾರ್ಕಿನ ಹತ್ತಿರ ಫ್ರೀವೇ ಬದಿಗೆ ಒಂದು ಬಂದೂಕಿನ ಅಂಗಡಿ ಇದೆ ಅಂತ ಅಲ್ಲಿಗೂ ಹೋದೆವು. ರೇಷ್ಮೆ ಸೀರೆ, ಮೇಲೆ ಸ್ವೆಟರು, ಕೆಳಗೆ ಸ್ಪೋರ್ಟ್ಸ್ ಶೂಸು, ಹಣೆ ತುಂಬ ಕುಂಕುಮ. ಅತ್ತೆ ಒಳಗೆ ಕಾಲಿಟ್ಟ ಕೂಡಲೆ ಅಲ್ಲಿದ್ದ ಗಂಡಸರೆಲ್ಲ ಮಾತು ನಿಲ್ಲಿಸಿದರು. ಬಂದೂಕಿನ ಅಂಗಡಿಗೆ ರೇಷ್ಮೆ ಯಾಕೆ ಅಂತ ಮೊದಲೇ ಕೇಳಿದ್ದೆ. ಕೆಲಸ ಆಗಬೇಕಾದ ಕಡೆ ಹಳೇ ಸೀರೆ ಉಟ್ಟು ಹೋಗಬಾರದಂತೆ. ಕೌಂಟರಿನವನು ಪ್ರೆಸ್ಸಿನ ಫೋಟೋ ನೋಡಿ, ಇದಕ್ಕೆ ಈಗ ಯಾರೂ ಏನೂ ಮಾಡೋದಿಲ್ಲ, ಹೊಸ ಪ್ರೆಸ್ ತಗೊಳ್ಳಿ ಅಂದ. ನಾನು ಅದನ್ನ ಅತ್ತೆಗೆ ಹೇಳಿದೆ. ಹೊಸದು ಬೇಡ, ನಾನು ಕಳೆದದ್ದನ್ನೇ ನಾನು ಕೊಡಬೇಕು ಅಂತ ಅತ್ತೆ ಅಲ್ಲೇ ನಿಂತರು.

ಹೀಗೆ ವಾರಗಳು ಹೋದವು. ಇವರಿಗೆ ಎಲ್ಲವೂ ಗೊತ್ತಿತ್ತು. ತರಿಸಿದ ಬಳೆಗಳು ಊಟದ ಮೇಜಿನ ಮೇಲೇ ಇರುತ್ತಿದ್ದವು. ಇವರು ಒಂದನ್ನ ಎತ್ತಿ ನೋಡಿ, ಇದಲ್ಲ ಅಂತ ನನಗೆ ಹೇಳಿ ಅಲ್ಲೇ ಇಟ್ಟು ಹೋದದ್ದೂ ಉಂಟು. ಭಾನುವಾರ ಕ್ಲಬ್ಬಿಗೆ ಹೋಗೋದು ಮಾತ್ರ ತಪ್ಪಲಿಲ್ಲ. ಅಂಗಡಿ ತೋಟಾ ಕೊಂಡು ಹೋಗುತ್ತಾರೆ ಅಂತ ನಾನು ಅಂದುಕೊಂಡಿದ್ದೆ.

ಕೊನೆಗೆ ಇಲ್ಲೇ ಬೆಟ್ಟದಾಚೆಯ ಡಬ್ಲಿನ್ ಅನ್ನೋ ಊರಿನಲ್ಲಿ ಒಂದು ಮನೆಯ ಗ್ಯಾರೇಜ್ ಸೇಲಿನ ಜಾಹೀರಾತಿನಲ್ಲಿ ಅದೇ ಪ್ರೆಸ್ಸಿನ ಫೋಟೋ ಕಂಡಿತು. ಶನಿವಾರ ಬೆಳಿಗ್ಗೆ ಎದ್ದವರೇ ಹೋದೆವು. ಒಂದೇ ಅಚ್ಚಿನಲ್ಲಿ ಒತ್ತಿದಂಥ ಹೊಸ ಮನೆಗಳ ಹಿಂದೆ ಒಂದು ಹಳೇ ತಗ್ಗಿನ ಮನೆ. ಗಂಡ ತೀರಿಕೊಂಡ ಮುದುಕಿಯೊಬ್ಬಳು ಅವನ ಸಾಮಾನನ್ನೆಲ್ಲ ಡ್ರೈವ್‌ವೇಯಲ್ಲಿ ಹರಡಿಕೊಂಡು ಮಡಚೋ ಕುರ್ಚಿಯಲ್ಲಿ ಕೂತಿದ್ದಳು. ಪ್ರೆಸ್ಸು ಅಲ್ಲಿತ್ತು, ಬಳೆಯೂ ಅದರಲ್ಲಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಆದರೆ ಪ್ರೆಸ್ಸು ಆಗಲೇ ಒಬ್ಬರಿಗೆ ಕೊಟ್ಟಾಗಿದೆ, ಸಾಯಂಕಾಲ ಬಂದು ಒಯ್ಯುತ್ತಾರೆ ಅಂದಳು ಆ ಮುದುಕಿ.

ನನಗೆ ಅಳು ಬರೋಹಾಗಾಯಿತು. ನಾಚಿಕೆ ಬಿಟ್ಟು ಇದ್ದದ್ದನ್ನೆಲ್ಲ ಹೇಳಿದೆ, ಪೂಜೆ, ಹುಣಸೇಹಣ್ಣು, ಕಸದ ಬುಟ್ಟಿ, ಈ ಚೂರಿನಿಂದ ಇವರ ಮಗ ಇವರ ಜೊತೆ ಮಾತು ಬಿಟ್ಟಿದ್ದಾನೆ ಅಂತ. ಅತ್ತೆಗೆ ನಾನು ಹೇಳಿದ ಇಂಗ್ಲಿಷು ಎಷ್ಟು ಅರ್ಥವಾಯಿತೋ, ಮಧ್ಯೆ ಮಧ್ಯೆ ತಲೆಯಾಡಿಸುತ್ತಾ ಸೆರಗಿನ ತುದಿ ಹಿಡಿದು ನಿಂತಿದ್ದರು. ಮುದುಕಿ ಅತ್ತೆಯನ್ನೇ ನೋಡಿದಳು. ಆಮೇಲೆ ನನ್ನನ್ನ ಕೇಳಿದಳು:

"ಆ ಮಗನಿಗೆ ವಯಸ್ಸೆಷ್ಟು?"

ಐವತ್ನಾಲ್ಕು ಅಂದೆ. ಅವಳು ಎದ್ದು ಹೋಗಿ ಆ ಬಳೆಯನ್ನ ಕಳಚಿ ತಂದು ಅತ್ತೆಯ ಅಂಗೈಯಲ್ಲಿಟ್ಟಳು. ತಗೊಳ್ಳೋಕೆ ಬರೋರಿಗೆ ನಾನು ಹೇಳಿಕೊಳ್ತೀನಿ, ನೀವು ಹೊರಡಿ ಅಂದಳು.

ದಾರಿಯುದ್ದಕ್ಕೂ ಅತ್ತೆ ಮುಚ್ಚಿದ ಮುಷ್ಟಿ ತೆರೆಯಲಿಲ್ಲ. ಫ್ರೀಮಾಂಟಿನ ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸು ಅಂದರು. ಫ್ರೀಜ಼ರಿನಿಂದ ಹಿತಕಿದ ಅವರೆಬೇಳೆ ತಗೊಂಡರು, ಅದರ ಸಾರು ಅಂದರೆ ಇವರಿಗೆ ಪ್ರಾಣ. ಮನೆಗೆ ಬಂದು ಮಸಾಲೆ ರುಬ್ಬಿದರು, ಅಕ್ಕಿರೊಟ್ಟಿ ತಟ್ಟಿದರು. ನಾನು ಸಹಾಯಕ್ಕೆ ಹೋದರೆ ಬಿಡಲಿಲ್ಲ. ಕೆಂಪಗಾದ ಅವರ ಮುಖ ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಇವರು ಕೆಳಗೆ ಬಂದರು. ಅತ್ತೆ ಕೈ ತೊಳೆದು ಒರೆಸಿಕೊಂಡು ಅಂಗೈ ಚಾಚಿದರು.

"ತಗೋಪ್ಪ. ಅದೇ. ಸರಿಯಾಗಿ ನೋಡು."

ಇವರು ನೋಡಿದರು. ಮುಟ್ಟಲಿಲ್ಲ. "ಇನ್ನು ಬೇಡ ಅಮ್ಮ. ಹೊಸ ಪ್ರೆಸ್ಸೇ ತಗೊಂಡೆನಲ್ಲ. ಕ್ಲಬ್ಬಲ್ಲಿಟ್ಟಿದ್ದೀನಿ" ಅಂದರು.

ಯಾವಾಗ ಅಂತ ನಾನು ಕೇಳಿದೆ. ದಸರಾ ಆದ ಮುಂದಿನ ವಾರವೇ ಅಂತೆ. ನಾವು ಊರೂರು ಸುತ್ತಿದ್ದು ಕಣ್ಣಿಗೆ ಕಾಣಲಿಲ್ವಾ ಅಂದೆ. ಇವರು ಕುರ್ಚಿ ಎಳೆದುಕೊಂಡು ಕೂತರು, ಎಷ್ಟೋ ವಾರದ ಮೇಲೆ, ಅತ್ತೆಯ ಎದುರಿಗೇ. "ಕಾಣ್ತಿತ್ತು. ಹುಡುಕ್ಲಿ ಅಂತ ಬಿಟ್ಟೆ. ಸ್ವಲ್ಪ ಸುತ್ತಾಡಿದ್ರೆ ಇನ್ನೊಂದ್ಸಲ ಯಾರ ಸಾಮಾನೂ ಮುಟ್ಟಲ್ಲ" ಅಂದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರ ವಿಷಯ ಹೇಳುವಾಗ ಇವರಿಗೆ ಇದೇ ಧ್ವನಿ. ಆಮೇಲೆ ಮುಚ್ಚಳ ತೆಗೆದು ಮೂಸಿ ನೋಡಿ, "ಅಮ್ಮಾ, ಹಿತಕಿದ ಬೇಳೆನಾ? ಬಡಿಸು" ಅಂದರು.

ಅತ್ತೆ ಬಡಿಸಿದರು. ರೊಟ್ಟಿ ಹಾಕಿದರು, ಸಾರು ಹಾಕಿದರು, ತುಪ್ಪ ಹಾಕಿದರು. ಕೇಳಿದಾಗ ಇನ್ನೂ ಒಂದು ಸೌಟು ಹಾಕಿದರು. ಇವರು ಹೊಟ್ಟೆ ತುಂಬ ಉಂಡು, ಚೆನ್ನಾಗಿತ್ತಮ್ಮ ಅಂತ ಎದ್ದರು. ಅತ್ತೆ ಆವತ್ತು ಊಟ ಮಾಡಲಿಲ್ಲ. ಬಳೆಯನ್ನ ಏನು ಮಾಡಿದರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಮಾರನೇ ದಿನ ಅತ್ತೆ, ನನ್ನ ಟಿಕೆಟ್ ಹಿಂದಕ್ಕೆ ಹಾಕಿಸು, ಆದಷ್ಟು ಬೇಗ ಹೊರಡ್ತೀನಿ ಅಂದರು. ನಾನು ತಡೆಯಲಿಲ್ಲ. ಮುಂದಿನ ವರ್ಷ ಬರ್ತೀರಲ್ಲ ಅಂತ ಸುಮ್ಮನೆ ಮಾತಿಗೆ ಕೇಳಿದೆ. ಬಟ್ಟೆ ಮಡಚುತ್ತಿದ್ದವರು ತಲೆ ಎತ್ತದೆ, "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಕಣಮ್ಮ" ಅಂದರು. ಉಳಿದ ದಿನಗಳಲ್ಲಿ ಮನೆ ತುಂಬ ಇವರದೇ ಮಾತು. ಶಿಕ್ಷೆ ಮುಗಿದಿತ್ತಲ್ಲ, ಅಮ್ಮ ಅಮ್ಮ ಅಂತ ಹಿಂದೆ ಮುಂದೆ ಓಡಾಡಿದ್ದೇ ಓಡಾಡಿದ್ದು. ಅತ್ತೆ ಕೇಳಿದ್ದಕ್ಕೆಲ್ಲ ಉತ್ತರ ಕೊಡೋರು, ಪಕ್ಕದ ಮನೆಯವರಿಗೆ ಕೊಡೋ ಹಾಗೆ. ಇವರಿಗೆ ಅದು ತಿಳಿಯಲೇ ಇಲ್ಲ.

ಏರ್‌ಪೋರ್ಟಿನಲ್ಲಿ ಸೆಕ್ಯೂರಿಟಿಯ ಸಾಲಿನ ಮುಂದೆ ನಾನು ಮೊದಲು ಕಾಲಿಗೆ ಬಿದ್ದೆ. ಅತ್ತೆ ನನ್ನ ತಲೆ ಮೇಲೆ ಎರಡೂ ಕೈ ಇಟ್ಟು ತುಂಬ ಹೊತ್ತು ತೆಗೆಯಲಿಲ್ಲ. ಆಮೇಲೆ ಇವರು ಬಗ್ಗಿದರು. ಇವರ ಕೈ ತಾಗೋದಕ್ಕೆ ಮುಂಚೆ ಅತ್ತೆ ಕಾಲು ಹಿಂದಕ್ಕೆ ತಗೊಂಡರು.

"ಬೇಡ, ಬಿಡು. ಹೊತ್ತಾಯ್ತು" ಅಂದು ಬ್ಯಾಗು ಹೆಗಲಿಗೇರಿಸಿಕೊಂಡು ಸಾಲಿನೊಳಗೆ ಹೋದರು. ತಿರುಗಿ ನೋಡಲಿಲ್ಲ.

ಮನೆಗೆ ವಾಪಸ್ ಬರುವಾಗ ಬ್ರಿಜ್ಜಿನ ಮೇಲೆ ಟ್ರಾಫಿಕ್ ನಿಂತುಬಿಟ್ಟಿತ್ತು. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ ಅನ್ಸುತ್ತೆ, ಕಾಲು ಹಿಂದಕ್ಕೆ ತಗೊಂಡಳು ನೋಡಿದೆಯಾ ಅಂದರು ಇವರು. ಮಂಡಿಗೆ ಏನೂ ಆಗಿಲ್ಲ, ನಿಮ್ಮ ನಮಸ್ಕಾರ ಅವರಿಗೆ ಬೇಕಾಗಿರಲಿಲ್ಲ ಅಂದೆ. ಇವರು ನನ್ನ ಕಡೆ ತಿರುಗಿ, ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು:

"ಒಂದು ಚೂರು ಪ್ಲಾಸ್ಟಿಕ್ಕಿಗೆ ಇಷ್ಟೊಂದು ಕೋಪ ಮಾಡ್ಕೊಳ್ತಾರಾ?"